ಹೊಲದ ಬಸಿನೀರು ಮತ್ತು ಜೊಂಡಿನ ಕೊಳ

ಅಮೆರಿಕದ ಅಯೋವಾ ರಾಜ್ಯದ ನಡುಭಾಗದ ಮೆಕ್ಕೆಜೋಳದ ಹೊಲಗಳನ್ನು ಮೊದಲ ಸಲ ನೋಡುವವರಿಗೆ ಅಲ್ಲಿ ನೀರಿನ ವ್ಯವಸ್ಥೆ ಯಾವುದೂ ಇದ್ದಂತೆ ಕಾಣುವುದಿಲ್ಲ. ನಮ್ಮ ಮಂಡ್ಯದ ಕಡೆಯಂತೆ ನಾಲೆಯಾಗಲಿ, ತೂಬಾಗಲಿ, ಗದ್ದೆಯ ಬದುವಾಗಲಿ ಇಲ್ಲ. ಬೆಳೆ ಬಹುಮಟ್ಟಿಗೆ ಮಳೆಯ ನೀರಿನಲ್ಲೇ ಬರುತ್ತದೆ. ಆದರೆ ನೆಲದಿಂದ ಮೂರು ನಾಲ್ಕು ಅಡಿ ಕೆಳಗೆ ಕೊಳವೆಗಳ ಬಹುದೊಡ್ಡ ಜಾಲವೊಂದು ಹರಡಿಕೊಂಡಿದೆ, ಮತ್ತು ಅದರ ಕೆಲಸ ಹೊಲಕ್ಕೆ ನೀರು ಕೊಡುವುದಲ್ಲ, ಹೊಲದಿಂದ ನೀರು ತೆಗೆಯುವುದು. ಹಿಮಯುಗದ ಕೊನೆಯಲ್ಲಿ ಹಿಮಗಡ್ಡೆಗಳು ಸರಿದುಹೋದಾಗ ಉಳಿದ ಸಾವಿರಾರು ತಗ್ಗುಗಳಲ್ಲಿ ನೀರು ನಿಂತು ಜೌಗಾಗಿದ್ದ ಈ ನೆಲವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಸುಟ್ಟ ಮಣ್ಣಿನ ಕೊಳವೆಗಳನ್ನು ಹೂಳಿ ಒಣಗಿಸುತ್ತಾ ಬಂದರು. ಈಗ ಅದೇ ಕೆಲಸವನ್ನು ತೂತುಗಳಿರುವ ಪ್ಲಾಸ್ಟಿಕ್ ಕೊಳವೆ ಮಾಡುತ್ತದೆ, ಆದರೂ ರೈತರ ಬಾಯಲ್ಲಿ ಅದಕ್ಕೆ ಇಂದಿಗೂ ಟೈಲ್ ಎಂಬ ಹಳೆಯ ಹೆಸರೇ ಉಳಿದಿದೆ. ಅಯೋವಾ ತನ್ನ ಮೂಲ ಜೌಗುಭೂಮಿಯಲ್ಲಿ ಶೇಕಡಾ 90ರಷ್ಟನ್ನು ಹೀಗೆ ಕಳೆದುಕೊಂಡು, ಅದರ ಬದಲಿಗೆ ಜಗತ್ತಿನ ಅತ್ಯಂತ ಫಲವತ್ತಾದ ಬೇಸಾಯದ ನೆಲಗಳಲ್ಲಿ ಒಂದನ್ನು ಪಡೆಯಿತು.

ನೀರಿನ ಪರೀಕ್ಷೆಯ ಕೆಲಸದಲ್ಲಿರುವ ನನಗೆ ಈ ಕೊಳವೆಗಳ ಬಾಯಿಂದ ಸುರಿಯುವ ನೀರಿನ ಪರಿಚಯ ಚೆನ್ನಾಗಿಯೇ ಇದೆ. ನೋಡಲು ಅದು ಗಾಜಿನಷ್ಟು ತಿಳಿಯಾಗಿರುತ್ತದೆ, ಮಣ್ಣಿನ ಮೂಲಕ ಇಳಿದು ಬಂದಿರುವುದರಿಂದ ಕೆಸರಿನ ಸುಳಿವೇ ಇರುವುದಿಲ್ಲ. ಹಾಗಿದ್ದರೂ ಒಳಗೆ ನೈಟ್ರೇಟ್, ಎಂದರೆ ಬೆಳೆಗಳು ಬೇರಿನಿಂದ ಹೀರುವ ಸಾರಜನಕದ ಒಂದು ರೂಪ, ತುಂಬಿರುತ್ತದೆ. ನೈಟ್ರೇಟ್ ನೀರಿನಲ್ಲಿ ಪೂರ್ತಿಯಾಗಿ ಕರಗುತ್ತದೆ. ಜೇಡಿಮಣ್ಣಿನ ಕಣಗಳಿಗೂ ನೈಟ್ರೇಟಿಗೂ ಒಂದೇ ಬಗೆಯ ವಿದ್ಯುದಂಶ ಇರುವ ಕಾರಣ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ನೀರು ಹೋದಲ್ಲಿಗೆ ಅದೂ ಹೋಗುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಮಳೆ ಹೆಚ್ಚು, ಆಗ ಬೆಳೆ ಇನ್ನೂ ಮೊಳಕೆಯ ಹಂತದಲ್ಲಿರುತ್ತದೆ, ಬೇರು ಹೀರುವುದಕ್ಕೆ ಮೊದಲೇ ನೈಟ್ರೇಟ್ ಕೆಳಗಿಳಿದು ಕೊಳವೆ ಸೇರುತ್ತದೆ. ಇದು ಚೀಲದ ಗೊಬ್ಬರದಿಂದ ಮಾತ್ರ ಬಂದದ್ದೆಂದು ತಿಳಿಯಬಾರದು. ಆ ಕಪ್ಪು ನೆಲದಲ್ಲಿರುವ ಸಾವಯವ ಅಂಶ ಬಿಸಿಲು ಬಿದ್ದೊಡನೆ ಕೊಳೆತು ತಾನೂ ನೈಟ್ರೇಟನ್ನು ಬಿಡುತ್ತದೆ. ಹಾಗಾಗಿಯೇ ರೈತ ಗೊಬ್ಬರವನ್ನು ಶಿಫಾರಸಿನ ಪ್ರಮಾಣಕ್ಕೆ ಇಳಿಸಿದರೆ ನೈಟ್ರೇಟ್ ನಷ್ಟ ತಗ್ಗುವುದು ಸರಾಸರಿ ಶೇಕಡಾ 10ರಷ್ಟು ಮಾತ್ರ ಎಂದು ಅಯೋವಾ ರಾಜ್ಯ 2013ರಲ್ಲಿ ಪ್ರಕಟಿಸಿದ ಪೋಷಕಾಂಶ ಇಳಿಕೆಯ ಕಾರ್ಯಯೋಜನೆ ಹೇಳುತ್ತದೆ. ಚಳಿಗಾಲದಲ್ಲಿ ನೆಲ ಖಾಲಿ ಬಿಡದೆ ರೈ ಎಂಬ ಧಾನ್ಯದ ಹೊದಿಕೆ ಬೆಳೆ ಬಿತ್ತಿದರೆ ಶೇಕಡಾ 31. ರಾಜ್ಯ ತಾನೇ ಇಟ್ಟುಕೊಂಡಿರುವ ಗುರಿ ಶೇಕಡಾ 45.

ಈ ಗುರಿಯ ಹಿಂದೆ ದೊಡ್ಡ ಕಥೆಯಿದೆ. ಬಾವಿ ನೀರಿನ ನೈಟ್ರೇಟಿನಿಂದ ಹಸುಗೂಸುಗಳ ರಕ್ತ ಆಮ್ಲಜನಕವನ್ನು ಸಾಗಿಸಲಾರದೆ ಮೈ ನೀಲಿಗಟ್ಟುತ್ತದೆ ಎಂಬುದನ್ನು 1945ರಲ್ಲಿ ವೈದ್ಯಲೋಕಕ್ಕೆ ತಿಳಿಸಿದವರು ಇದೇ ಅಯೋವಾದ ವೈದ್ಯ ಹಂಟರ್ ಕಾಮ್ಲಿ. ಕುಡಿಯುವ ನೀರಿನಲ್ಲಿ ನೈಟ್ರೇಟ್ ರೂಪದ ಸಾರಜನಕ ಲೀಟರಿಗೆ 10 ಮಿಲಿಗ್ರಾಂ ದಾಟಬಾರದೆಂಬ ಅಮೆರಿಕದ ಮಿತಿ ಮೂಲತಃ ಆ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ರಾಜಧಾನಿ ಡಿ ಮೊಯ್ನ್ ನಗರದ ನೀರು ಸರಬರಾಜು ಸಂಸ್ಥೆ 1990ರ ದಶಕದ ಆರಂಭದಿಂದಲೇ ನದಿಯ ನೀರಿನಿಂದ ನೈಟ್ರೇಟ್ ತೆಗೆಯುವ ದುಬಾರಿ ಘಟಕವೊಂದನ್ನು ನಡೆಸುತ್ತಿದೆ. 2015ರಲ್ಲಿ ಅದು ಮೇಲ್ಭಾಗದ ಮೂರು ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಬಸಿಗಾಲುವೆ ಮಂಡಳಿಗಳ ಮೇಲೆ ಮೊಕದ್ದಮೆ ಹೂಡಿತು, 2017ರಲ್ಲಿ ಅದು ವಜಾ ಆಯಿತು. 2025ರ ಜೂನ್‌ನಲ್ಲಿ ನೈಟ್ರೇಟ್ ಎಷ್ಟು ಏರಿತೆಂದರೆ, ಘಟಕದ ಮೇಲಿನ ಹೊರೆ ತಗ್ಗಿಸಲು ಮನೆಯಂಗಳದ ಹುಲ್ಲಿಗೆ ನೀರು ಹಾಯಿಸುವುದನ್ನೇ ನಿಷೇಧಿಸಬೇಕಾಯಿತು. ಉಳಿದ ನೈಟ್ರೇಟ್ ಮಿಸಿಸಿಪ್ಪಿ ನದಿಯಲ್ಲಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹರಿದು ಮೆಕ್ಸಿಕೋ ಕೊಲ್ಲಿಯನ್ನು ಸೇರಿ ಪಾಚಿಯನ್ನು ಬೆಳೆಸುತ್ತದೆ. ಪಾಚಿ ಸತ್ತು ಕೊಳೆಯುವಾಗ ತಳದ ನೀರಿನ ಆಮ್ಲಜನಕ ತೀರಿಹೋಗುತ್ತದೆ. ಹೀಗೆ ಮೀನು ಸಿಗಡಿಗಳು ಬದುಕಲಾಗದ ಪ್ರದೇಶ 2017ರ ಬೇಸಿಗೆಯಲ್ಲಿ ಸುಮಾರು 22,700 ಚದರ ಕಿಲೋಮೀಟರಿಗೆ ಹರಡಿತ್ತು. ಮೈಸೂರು, ಮಂಡ್ಯ, ಹಾಸನ ಜಿಲ್ಲೆಗಳು ಮೂರನ್ನೂ ಕೂಡಿಸಿದರೂ ಅಷ್ಟಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಜೊಂಡಿನ ಕೊಳದ ವಿಷಯಕ್ಕೆ ಬರಬಹುದು. ಬಸಿನೀರು ಹಳ್ಳ ಸೇರುವ ಮುನ್ನ ಅದನ್ನು ಆಳವಿಲ್ಲದ, ಗಿಡ ಬೆಳೆದ ಕೊಳದಲ್ಲಿ ತಡೆದು ನಿಧಾನವಾಗಿ ಹಾಯಿಸುವ ಯೋಜನೆಯೊಂದು ಅಯೋವಾದಲ್ಲಿ 2001ರಿಂದ ನಡೆಯುತ್ತಿದೆ; ಇದಕ್ಕೆ ಬೇಕಾದ ವಿಜ್ಞಾನದ ಹೆಚ್ಚಿನ ಪಾಲು ಏಮ್ಸ್ ಎಂಬ ಊರಿನ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಿಂದ ಬಂದಿದೆ. ಇಲ್ಲಿನ ನಿಯಮಗಳು ಎಲ್ಲೆಂದರಲ್ಲಿ ಕೊಳ ತೋಡಲು ಬಿಡುವುದಿಲ್ಲ. ಕೊಳಕ್ಕೆ ಹರಿದು ಬರುವ ಹೊಲಗಳ ವಿಸ್ತೀರ್ಣ ಕನಿಷ್ಠ 500 ಎಕರೆ ಇರಬೇಕು, ಆ ವಿಸ್ತೀರ್ಣದ ಶೇಕಡಾ ಅರ್ಧದಿಂದ ಎರಡರಷ್ಟು ಜಾಗದಲ್ಲಿ ನೀರು ನಿಲ್ಲಬೇಕು, ನಿಂತ ನೀರಿನ ಮುಕ್ಕಾಲು ಪಾಲು ಮೂರು ಅಡಿಗಿಂತ ಕಡಿಮೆ ಆಳದ್ದಾಗಿರಬೇಕು, ಸುತ್ತಲೂ ಹುಲ್ಲಿನ ಅಗಲವಾದ ಅಂಚು ಇರಬೇಕು. ಈ ಲೆಕ್ಕಗಳು ಒಣ ಕಾಗದದ ಮಾತುಗಳಂತೆ ತೋರಿದರೂ ಇಡೀ ವಿದ್ಯೆಯ ತಿರುಳು ಇವುಗಳಲ್ಲೇ ಇದೆ ಎಂದು ನಾನು ನಂಬಿದ್ದೇನೆ. ಯಾವ ಗಿಡ ನೆಡಬೇಕು ಎಂಬ ಪ್ರಶ್ನೆ ಇವುಗಳ ನಂತರದ್ದು.

ಅಂಥ ಒಂದು ಕೊಳವನ್ನು ಜೂನ್ ತಿಂಗಳಲ್ಲಿ ಅದರ ಯಜಮಾನರಾದ ವಯಸ್ಸಾದ ರೈತರೊಡನೆ ಸುತ್ತಿ ನೋಡಿದ್ದನ್ನು ಇಲ್ಲಿ ಬರೆಯಬೇಕು. ಮೇಲಿನ ತುದಿಯಲ್ಲಿ, ಒಬ್ಬರು ಬಗ್ಗಿ ನುಸುಳಬಹುದಾದಷ್ಟು ದಪ್ಪದ ಕೊಳವೆಯಿಂದ ನೀರು ಸದ್ದು ಮಾಡುತ್ತಾ ಬೀಳುತ್ತಿತ್ತು. ಪಕ್ಕದಲ್ಲಿ ಕಂಬಕ್ಕೆ ಬಿಗಿದ ಪೆಟ್ಟಿಗೆಯಲ್ಲಿ ತಾನಾಗಿಯೇ ಮಾದರಿ ತುಂಬಿಕೊಳ್ಳುವ ಬಾಟಲಿಗಳು ಇದ್ದವು. ಕೊಳದೊಳಗೆ ಅಂಚಿನ ಉದ್ದಕ್ಕೂ ನಮ್ಮ ಕೆರೆಗಳಲ್ಲಿ ಕಾಣುವಂಥದ್ದೇ ಜೊಂಡು ಆಳೆತ್ತರ ನಿಂತಿತ್ತು. ಕಳೆದ ವರ್ಷದ ಒಣಗಿದ ದಂಟುಗಳು ಹಸಿರಿನ ನಡುವೆ ಹಾಗೇ ಬಿದ್ದು ನೀರಿನಲ್ಲಿ ನೆನೆಯುತ್ತಿದ್ದವು. ಕೆಳಗಿನ ತುದಿಯಲ್ಲಿ ಮಣ್ಣಿನ ಏರಿ, ಅದರ ನಡುವೆ ಉಕ್ಕಿನ ಹಲಗೆ ಬಡಿದು ಮಾಡಿದ ಅಡ್ಡಗಟ್ಟೆ, ಅದರ ಮೇಲಿಂದ ನೀರು ಒಂದು ತೆಳು ಪದರವಾಗಿ ಜಾರಿ ಹಳ್ಳಕ್ಕಿಳಿಯುತ್ತಿತ್ತು.

ನೈಟ್ರೇಟ್ ತೋರಿಸುವ ಕಾಗದದ ಪಟ್ಟಿಗಳನ್ನು ನಾನು ಜೇಬಿನಲ್ಲಿ ಇಟ್ಟುಕೊಂಡಿರುತ್ತೇನೆ. ಪ್ರಯೋಗಾಲಯದ ನಿಖರತೆ ಅವಕ್ಕಿಲ್ಲ, ಆದರೆ ನಿಂತಲ್ಲೇ ಉತ್ತರ ಕೊಡುತ್ತವೆ. ಕೊಳವೆಯ ಬಾಯಲ್ಲಿ ಅದ್ದಿದ ಪಟ್ಟಿಯ ತುದಿಯ ಚೌಕ ಒಂದು ನಿಮಿಷದೊಳಗೆ ಗಾಢವಾದ ಗುಲಾಬಿಗೆ ತಿರುಗಿತು. ಅಡ್ಡಗಟ್ಟೆಯ ಬಳಿ ಅದ್ದಿದ್ದು ಅದಕ್ಕಿಂತ ತಿಳಿಯಾಗಿತ್ತು, ಆದರೂ ಗುಲಾಬಿಯೇ. ರೈತರು ಎರಡನ್ನೂ ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಗಸ್ಟ್‌ನಲ್ಲಿ ಬಂದು ನೋಡಿ, ಕೆಳಗಿನದು ಬಿಳಿಯಾಗಿಯೇ ಉಳಿಯುತ್ತದೆ, ಆದರೆ ಆಗ ಮೇಲಿನಿಂದ ಬರುವ ನೀರೇ ಬೆರಳಿನಷ್ಟು ಎಂದು ಅವರು ಹೇಳಿದರು. ಆ ಒಂದು ಮಾತಿನಲ್ಲಿ ಈ ಕೊಳಗಳ ಶಕ್ತಿಯೂ ಮಿತಿಯೂ ಎರಡೂ ಇದ್ದವು.

ಶಕ್ತಿ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಜೊಂಡು ಬೇರಿನಿಂದ ಗೊಬ್ಬರವನ್ನು ಹೀರಿ ನೀರನ್ನು ಶುದ್ಧ ಮಾಡುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹೀರುವುದು ನಿಜ, ಆದರೆ ಬೇಸಿಗೆಯಲ್ಲಿ ಹೀರಿದ್ದರ ಬಹುಪಾಲನ್ನು ಗಿಡ ಸತ್ತು ಕೊಳೆತಾಗ ನೀರಿಗೆ ವಾಪಸು ಕೊಡುತ್ತದೆ. ನೈಟ್ರೇಟನ್ನು ನಿಜವಾಗಿ ನೀಗಿಸುವವು ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು. ಕೊಳದ ತಳದ ಕಪ್ಪು ಕೆಸರಿನಲ್ಲಿ, ಮೇಲಿನಿಂದ ಕೆಲವೇ ಮಿಲಿಮೀಟರ್ ಕೆಳಗೆ, ಆಮ್ಲಜನಕ ತೀರಿಹೋಗಿರುತ್ತದೆ. ಅಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಉಸಿರಾಡಲು ಆಮ್ಲಜನಕದ ಬದಲು ನೈಟ್ರೇಟನ್ನು ಬಳಸಿಕೊಳ್ಳುತ್ತವೆ, ಆ ಕ್ರಿಯೆಯಲ್ಲಿ ನೈಟ್ರೇಟ್ ಹಂತಹಂತವಾಗಿ ಒಡೆದು ಕೊನೆಗೆ ಸಾರಜನಕ ಅನಿಲವಾಗಿ ಗಾಳಿಗೆ ಸೇರುತ್ತದೆ. ನಾವು ಉಸಿರಾಡುವ ಗಾಳಿಯ ಶೇಕಡಾ 78 ಭಾಗ ಅದೇ ಆಗಿರುವುದರಿಂದ ಅದರಿಂದ ಯಾರಿಗೂ ಕೇಡಿಲ್ಲ. ಅಲ್ಪ ಪಾಲು ಮಾತ್ರ ನಡುವಿನ ಹಂತದಲ್ಲೇ ನೈಟ್ರಸ್ ಆಕ್ಸೈಡ್ ಆಗಿ ಹೊರಬರುತ್ತದೆ, ಅದು ಹವಾಮಾನವನ್ನು ಬಿಸಿ ಮಾಡುವ ಅನಿಲ. ಆದರೆ ಅದೇ ನೈಟ್ರೇಟನ್ನು ನದಿಗೆ ಬಿಟ್ಟರೂ ಅಲ್ಲಿ ಆ ಅನಿಲ ಹುಟ್ಟುವುದು ತಪ್ಪುವುದಿಲ್ಲ.

ಈ ಬ್ಯಾಕ್ಟೀರಿಯಾಗಳಿಗೆ ತಿನ್ನಲು ಇಂಗಾಲ ಬೇಕು, ಕೂರಲು ಜಾಗ ಬೇಕು, ನೀರು ನಿಧಾನವಾಗಿ ಹಾಯಬೇಕು. ಮೂರನ್ನೂ ಒದಗಿಸುವುದು ಜೊಂಡು. ಒಣಗಿ ಬಿದ್ದ ದಂಟುಗಳೇ ಇಂಗಾಲ, ನೀರಿನೊಳಗಿನ ಕಾಂಡ ಎಲೆಗಳ ಮೇಲಿನ ಲೋಳೆ ಪದರವೇ ಕೂರುವ ಜಾಗ, ಒತ್ತಾಗಿ ನಿಂತ ಗಿಡಗಳೇ ಹರಿವಿಗೆ ತಡೆ. ಆದ್ದರಿಂದಲೇ ನೈಟ್ರೇಟ್ ತೆಗೆಯುವ ಕೊಳದಲ್ಲಿ ಒಣಗಿದ ಜೊಂಡನ್ನು ಅಂದಕ್ಕಾಗಿ ಕಿತ್ತು ಚೊಕ್ಕಟ ಮಾಡುವುದು ಸಲ್ಲದು. ಆ ರೈತರು ಬಿದ್ದ ದಂಟುಗಳನ್ನು ಹಾಗೇ ಬಿಟ್ಟಿದ್ದು ಸೋಮಾರಿತನದಿಂದಲ್ಲ.

ಇನ್ನು ಮಿತಿ. ಅದನ್ನು ಒಂದು ಚಿಕ್ಕ ಲೆಕ್ಕದಿಂದ ತೋರಿಸಬಹುದು. 500 ಎಕರೆ ಹೊಲಕ್ಕೆ ಶೇಕಡಾ ಒಂದರಂತೆ 5 ಎಕರೆಯ ಕೊಳ, ಸರಾಸರಿ ಎರಡು ಅಡಿ ಆಳ ಎಂದಿಟ್ಟುಕೊಂಡರೆ ಅದು ಹಿಡಿಯುವುದು 10 ಎಕರೆ-ಅಡಿ ನೀರು. ಜೋರು ಮಳೆಯ ನಂತರ ಆ ಹೊಲಗಳ ಕೊಳವೆಗಳು ದಿನಕ್ಕೆ ಅರ್ಧ ಅಂಗುಲದಷ್ಟು ನೀರನ್ನು ಬಸಿದರೆ ಬರುವುದು ಸುಮಾರು 21 ಎಕರೆ-ಅಡಿ. ಎಂದರೆ ಕೊಳದಲ್ಲಿ ನೀರು ನಿಲ್ಲುವುದು ಅರ್ಧ ದಿನವೂ ಇಲ್ಲ. ಜೊತೆಗೆ ಆ ನೀರು ವಸಂತಕಾಲದ ತಣ್ಣನೆಯ ನೀರು, ತಂಪಿನಲ್ಲಿ ಬ್ಯಾಕ್ಟೀರಿಯಾಗಳ ಕೆಲಸ ಕುಂಠಿತವಾಗಿರುತ್ತದೆ. ನೈಟ್ರೇಟ್ ಅತಿ ಹೆಚ್ಚು ಬರುವ ಹೊತ್ತಿನಲ್ಲೇ ಕೊಳಕ್ಕೆ ಸಮಯವೂ ಶಾಖವೂ ಅತಿ ಕಡಿಮೆ. ಇಷ್ಟಿದ್ದೂ, ವರ್ಷದ ಒಟ್ಟು ಲೆಕ್ಕದಲ್ಲಿ ಸರಿಯಾದ ಜಾಗದಲ್ಲಿ ಸರಿಯಾದ ಅಳತೆಯಲ್ಲಿ ಕಟ್ಟಿದ ಕೊಳ ತನಗೆ ಬಂದ ನೈಟ್ರೇಟಿನಲ್ಲಿ ಸರಾಸರಿ ಶೇಕಡಾ 52ರಷ್ಟನ್ನು ತೆಗೆಯುತ್ತದೆ ಎಂದು ಅದೇ 2013ರ ಕಾರ್ಯಯೋಜನೆ ಲೆಕ್ಕ ಹಾಕಿದೆ. ಹೊಲದ ನೂರರಲ್ಲಿ ಒಂದೆರಡು ಭಾಗ ಜಾಗ ಕೊಟ್ಟು, ವಿದ್ಯುತ್ ಇಲ್ಲದೆ, ರಾಸಾಯನಿಕ ಇಲ್ಲದೆ, ಅರ್ಧದಷ್ಟು ನೈಟ್ರೇಟನ್ನು ಗಾಳಿಗೆ ಸೇರಿಸುವ ಬೇರೊಂದು ಉಪಾಯ ನನಗಂತೂ ತಿಳಿದಿಲ್ಲ.

ಗಿಡಗಳಿಂದ ನೀರು ಸೋಸುವ ವಿದ್ಯೆ ಹೊಸದೇನಲ್ಲ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಕೇಥೆ ಜೈಡೆಲ್ ಎಂಬ ಸಸ್ಯವಿಜ್ಞಾನಿ 1950ರ ದಶಕದಲ್ಲೇ ಕೊಳಚೆ ನೀರನ್ನು ಜೊಂಡಿನ ಜಾತಿಯ ಗಿಡಗಳ ಮೂಲಕ ಹಾಯಿಸಿ ಪ್ರಯೋಗ ಮಾಡಿದ್ದರು. ಬೆಂಗಳೂರಿನವರಿಗೆ ಜಕ್ಕೂರು ಕೆರೆ ಗೊತ್ತಿರುತ್ತದೆ: ಅಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕದಿಂದ ಹೊರಬಂದ ಮೇಲೆ ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ. ಆದರೆ ಕೊಳಚೆ ನೀರಿಗೂ ಹೊಲದ ಬಸಿನೀರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕೊಳಚೆಯಲ್ಲಿ ಸಾರಜನಕ ಹೆಚ್ಚಾಗಿ ಅಮೋನಿಯಾ ರೂಪದಲ್ಲಿರುತ್ತದೆ, ಅದನ್ನು ಮೊದಲು ಆಮ್ಲಜನಕ ಕೊಟ್ಟು ನೈಟ್ರೇಟ್ ಮಾಡಬೇಕು, ನಂತರ ಆಮ್ಲಜನಕ ಇಲ್ಲದೆ ಅನಿಲ ಮಾಡಬೇಕು. ಅದಕ್ಕೆ ಜಲ್ಲಿ ತುಂಬಿದ ಹಾಸು, ಬೇರಿನ ಮೂಲಕ ಇಳಿಯುವ ಗಾಳಿ, ಒಂದಾದ ಮೇಲೊಂದು ಅಂಕಣ ಇವೆಲ್ಲ ಬೇಕಾಗುತ್ತವೆ. ಟೈಲ್ ನೀರಿನಲ್ಲಿ ಮೊದಲ ಕೆಲಸವನ್ನು ಹೊಲದ ಮಣ್ಣೇ ಮುಗಿಸಿರುತ್ತದೆ. ಹಾಗಾಗಿ ಇಲ್ಲಿ ಬರಿಯ ಆಳವಿಲ್ಲದ ಕೊಳ ಸಾಕು. ನಗರದ ನಮೂನೆಯನ್ನು ಹಾಗೇ ಹೊಲಕ್ಕೆ ತಂದು ಕೂರಿಸಿದರೆ ಹಣ ವ್ಯರ್ಥವಾಗುತ್ತದೆ.

ಇದುವರೆಗೆ ಹೇಳಿದ್ದು ಸಾರಜನಕದ ಮಾತು. ಗೊಬ್ಬರದ ಇನ್ನೊಂದು ಪೋಷಕಾಂಶವಾದ ರಂಜಕದ (ಫಾಸ್ಫರಸ್) ಸ್ವಭಾವ ಬೇರೆಯೇ, ಮತ್ತು ಇದನ್ನು ಮರೆತು ಜೊಂಡಿನ ಕೊಳವನ್ನು ಹೊಗಳುವ ಬರಹಗಳನ್ನು ಓದಿದಾಗ ನನಗೆ ಕಳವಳವಾಗುತ್ತದೆ. ರಂಜಕಕ್ಕೆ ಗಾಳಿಯ ದಾರಿ ಇಲ್ಲ. ಅದು ನೀರಿನಿಂದ ಹೋಗಬೇಕಾದರೆ ಕೆಸರಿನಲ್ಲಿ ಕೂರಬೇಕು, ಇಲ್ಲವೇ ಗಿಡದ ಮೈಯಲ್ಲಿ ಉಳಿಯಬೇಕು. ಎರಡರಲ್ಲಿ ಯಾವುದಾದರೂ ಅದು ಆ ಕೊಳದೊಳಗೇ ಇರುತ್ತದೆ. ಹೊಲದಿಂದ ಅದು ಹೆಚ್ಚಾಗಿ ಕೊಚ್ಚಿಹೋದ ಮಣ್ಣಿನ ಕಣಗಳಿಗೆ ಅಂಟಿಕೊಂಡು ಬರುತ್ತದೆ, ಆದ್ದರಿಂದ ಕೊಳದಲ್ಲಿ ಮಣ್ಣು ತಳ ಸೇರಿದಾಗ ಮೊದಲಿಗೆ ಫಲಿತಾಂಶ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಮಣ್ಣಿನ ಕಬ್ಬಿಣದ ಅಂಶಕ್ಕೆ ಕಟ್ಟಿಕೊಂಡಿದ್ದ ರಂಜಕ, ತಳದಲ್ಲಿ ಆಮ್ಲಜನಕ ತೀರಿದೊಡನೆ ಬಿಡಿಸಿಕೊಂಡು ಮತ್ತೆ ನೀರಿಗೆ ಬರುತ್ತದೆ. ನೈಟ್ರೇಟ್ ತೆಗೆಯಲು ಯಾವ ಸ್ಥಿತಿ ಬೇಕೋ ಅದೇ ಸ್ಥಿತಿ ರಂಜಕವನ್ನು ಬಿಡುಗಡೆ ಮಾಡುತ್ತದೆ. ವರ್ಷಗಟ್ಟಲೆ ಗೊಬ್ಬರ ತಿಂದ ಹೊಲದ ಮೇಲೆ ಹೊಸದಾಗಿ ನೀರು ನಿಲ್ಲಿಸಿದರೆ ಮೊದಲ ಕೆಲವು ವರ್ಷ ಕೊಳವೇ ರಂಜಕದ ಮೂಲವಾಗಿಬಿಡುವುದೂ ಉಂಟು.

ರಂಜಕಕ್ಕಾಗಿಯೇ ಕಟ್ಟಿದ ಜೌಗುಗಳಲ್ಲಿ ಜಗತ್ತಿನ ಅತಿ ದೊಡ್ಡವು ಫ್ಲಾರಿಡಾದ ದಕ್ಷಿಣದಲ್ಲಿವೆ. ಅಲ್ಲಿ ಓಕಿಚೋಬಿ ಸರೋವರದ ಕೆಳಗೆ ಸುಮಾರು ಏಳು ಲಕ್ಷ ಎಕರೆ ಬೇಸಾಯದ ನೆಲವಿದೆ, ಹೆಚ್ಚಿನದು ಕಬ್ಬು. ಅದರ ನೀರು ಎವರ್‌ಗ್ಲೇಡ್ಸ್ ಎಂಬ ವಿಶಾಲ ಹುಲ್ಲುಜೌಗಿಗೆ ಹರಿಯುತ್ತದೆ. ಅತ್ಯಲ್ಪ ರಂಜಕದಲ್ಲಿ ಬದುಕಲು ಒಗ್ಗಿಕೊಂಡಿದ್ದ ಅಲ್ಲಿನ ಗರಗಸದಂಥ ಅಂಚಿನ ಹುಲ್ಲನ್ನು, ಗೊಬ್ಬರದ ನೀರು ಬಂದ ಕಡೆಯಲ್ಲೆಲ್ಲ ಜೊಂಡು ಒತ್ತರಿಸಿತು. ಅಯೋವಾದಲ್ಲಿ ಆಸ್ತಿಯಾದ ಗಿಡ ಇಲ್ಲಿ ರೋಗದ ಗುರುತು. 1988ರಲ್ಲಿ ಕೇಂದ್ರ ಸರ್ಕಾರವೇ ಮೊಕದ್ದಮೆ ಹೂಡಿದ ಮೇಲೆ 1994ರಲ್ಲಿ ಫ್ಲಾರಿಡಾ ಒಂದು ಕಾಯ್ದೆ ಮಾಡಿತು. ಅದರಂತೆ ಎವರ್‌ಗ್ಲೇಡ್ಸ್ ಸೇರುವ ಮುನ್ನ ನೀರನ್ನು ಸೋಸಲು ಕಟ್ಟಿದ ಜೌಗುಗಳ ವಿಸ್ತೀರ್ಣ ಈಗ 57,000 ಎಕರೆಗೂ ಹೆಚ್ಚು. ಒಳಬರುವ ನೀರಿನಲ್ಲಿ ಲೀಟರಿಗೆ ನೂರು ಮೈಕ್ರೋಗ್ರಾಂ ದಾಟುವ ರಂಜಕ ಹೊರಹೋಗುವಾಗ ಇಪ್ಪತ್ತರ ಸುತ್ತಮುತ್ತ ಇಳಿದ ವರ್ಷಗಳಿವೆ; ಎವರ್‌ಗ್ಲೇಡ್ಸ್‌ಗೆ ಬೇಕಾದ ಮಟ್ಟ 10.

ಅಲ್ಲಿ ಬಳಸುವ ಒಂದು ಉಪಾಯ ನನಗೆ ಬಹಳ ಮೆಚ್ಚುಗೆಯಾಗಿದೆ. ಮೊದಲ ಅಂಕಣಗಳಲ್ಲಿ ಜೊಂಡು ಬೆಳೆಸುತ್ತಾರೆ, ಕೊನೆಯ ಅಂಕಣಗಳಲ್ಲಿ ನೀರಿನೊಳಗೇ ಮುಳುಗಿ ಬೆಳೆಯುವ ಗಿಡಗಳನ್ನು ಬೆಳೆಸುತ್ತಾರೆ. ಮುಳುಗುಗಿಡಗಳು ಹಗಲಿನಲ್ಲಿ ನೀರಿನ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡಂತೆ ನೀರು ಕ್ಷಾರವಾಗುತ್ತದೆ, ಆಗ ಅಲ್ಲಿನ ಗಡಸು ನೀರಿನ ಸುಣ್ಣದ ಅಂಶ ಗಟ್ಟಿಯಾಗಿ ಎಲೆಗಳ ಮೇಲೆ ಕೂರುತ್ತಾ ರಂಜಕವನ್ನೂ ತನ್ನೊಡನೆ ತಳಕ್ಕೆ ಒಯ್ಯುತ್ತದೆ. ಕಬ್ಬಿಣದ ಬಂಧ ಸಡಿಲವಾಗುವಂತೆ ಸುಣ್ಣದ ಬಂಧ ಸುಲಭವಾಗಿ ಸಡಿಲವಾಗುವುದಿಲ್ಲ. ಆದರೆ ಬರಗಾಲದಲ್ಲಿ ಅಂಕಣ ಒಣಗಿ ಬಿರುಕು ಬಿಟ್ಟರೆ ಹೂಳಿಟ್ಟ ರಂಜಕ ಮರಳಿ ಬರುತ್ತದೆ, ಚಂಡಮಾರುತ ಬಂದರೆ ಗಿಡಗಳು ಬುಡಸಮೇತ ಕಿತ್ತುಹೋಗುತ್ತವೆ. ಮತ್ತೊಂದು ಮಾತನ್ನು ಹೇಳಲೇಬೇಕು: ಜೌಗು ಕಟ್ಟುವುದರ ಜೊತೆಗೇ ಅಲ್ಲಿನ ಕಬ್ಬಿನ ಬೆಳೆಗಾರರು ಹೊಲದಲ್ಲೇ ರಂಜಕ ನಷ್ಟವನ್ನು ಶೇಕಡಾ 25 ಇಳಿಸಬೇಕೆಂದು ನಿಯಮವಾಯಿತು, ಅವರು ಸರಾಸರಿಯಲ್ಲಿ ಅದರ ಎರಡರಷ್ಟು ಇಳಿಸಿ ತೋರಿಸಿದರು. ಹೊಲದಲ್ಲಿ ಆ ಇಳಿಕೆ ಆಗದಿದ್ದರೆ ಅಷ್ಟು ದೊಡ್ಡ ಜೌಗೂ ಸೋಲುತ್ತಿತ್ತು.

ಊರಿನ ಚಿಕ್ಕಪ್ಪನಿಗೆ ಫೋನಿನಲ್ಲಿ ಈ ಅಯೋವಾದ ಕೊಳದ ವಿಷಯ ಹೇಳಿದಾಗ ಅವರು ಕೇಳಿದ ಪ್ರಶ್ನೆ ಯಾವ ತಜ್ಞರ ಪ್ರಶ್ನೆಗೂ ಕಡಿಮೆಯದಲ್ಲ. “ಅಲ್ಲಾ ಕಣಪ್ಪ, ಇಲ್ಲಿ ನಾಲೇಲಿ ಜೊಂಡು ಕೀಳ್ಸಿ ಅಂತ ವರ್ಷಾ ವರ್ಷಾ ಅರ್ಜಿ ಕೊಟ್ಕೊಂಡು ಓಡಾಡ್ತೀವಿ. ಅಲ್ಲಿ ಜೊಂಡು ಬೆಳ್ಸೋಕೆ ಜಮೀನು ಬಿಟ್ಕೊಟ್ಟಾರಾ? ಅವ್ರಿಗೇನು ಬಂತು?” ಎಂದರು. ಏನೂ ಬರುವುದಿಲ್ಲ ಎಂಬುದೇ ಉತ್ತರ. ಕೊಳದಿಂದ ಲಾಭ ಆಗುವುದು ಕೆಳಗಿನ ಊರಿನವರಿಗೆ ಮತ್ತು ಕೊಲ್ಲಿಯ ಮೀನುಗಾರರಿಗೆ, ಜಮೀನು ಬಿಟ್ಟವರಿಗಲ್ಲ. ಅದನ್ನು ತಿಳಿದೇ ಅಯೋವಾದಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸೇರಿ ಕೊಳ ಕಟ್ಟುವ ಖರ್ಚನ್ನೂ, ಬಿಟ್ಟುಕೊಟ್ಟ ಜಮೀನಿಗೆ ವರ್ಷವರ್ಷದ ಬಾಡಿಗೆಯನ್ನೂ ಕೊಡುತ್ತವೆ. ಹಾಗಿದ್ದೂ ಮುಂದೆ ಬರುವವರು ಬೇಕಾದಷ್ಟಿಲ್ಲ. ಎಕರೆ ಎರಡೆಕರೆ ಹಿಡುವಳಿಯ ನಮ್ಮ ರೈತರಿಂದ ಜೊಂಡಿಗಾಗಿ ಗದ್ದೆ ಬಿಡಿ ಎಂದು ಕೇಳುವುದು ನ್ಯಾಯವೂ ಅಲ್ಲ, ಆಗುವ ಮಾತೂ ಅಲ್ಲ.

ಹಾಗೆಂದು ಈ ವಿಷಯ ನಮ್ಮದಲ್ಲ ಎನ್ನುವಂತಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯ ಪ್ರಕಾರ ಕರ್ನಾಟಕದಲ್ಲಿ ಪರೀಕ್ಷಿಸಿದ ಅಂತರ್ಜಲದ ಮಾದರಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂನ ಭಾರತದ ಮಿತಿಯನ್ನು ದಾಟಿದೆ. ನೈಟ್ರೇಟನ್ನು ಅಳೆಯುವ ಬಗೆ ಬೇರೆಯಾದರೂ ಇದು ಅಮೆರಿಕದ ಮಿತಿಗೆ ಹೆಚ್ಚುಕಡಿಮೆ ಸಮ. ಇದರಲ್ಲಿ ಶೌಚಗುಂಡಿಗಳ ಮತ್ತು ತಿಪ್ಪೆಗಳ ಪಾಲೂ ಇದೆ, ಯೂರಿಯಾದ ಪಾಲೂ ಇದೆ. ಬೋರ್‌ವೆಲ್‌ಗೆ ಇಳಿದುಹೋದ ನೈಟ್ರೇಟನ್ನು ಜೊಂಡಿನ ಕೊಳ ಹಿಂದಕ್ಕೆ ತರಲಾರದು, ಅದಕ್ಕೆ ಹೊಲದಲ್ಲೇ ಮದ್ದು ಮಾಡಬೇಕು. ಆದರೆ ವಿ.ಸಿ. ನಾಲೆಯ ಬಯಲಿನಲ್ಲಿ, ತುಂಗಭದ್ರೆಯ ಎಡದಂಡೆಯಲ್ಲಿ, ಕಬ್ಬು ಮತ್ತು ಭತ್ತದ ನೆಲದಿಂದ ಬಸಿಗಾಲುವೆಗಳಲ್ಲಿ ಕಣ್ಣಿಗೆ ಕಾಣುವಂತೆ ಹರಿದು ಹಳ್ಳ ಸೇರುವ ನೀರಿದೆ. ಅದಕ್ಕೆ ಈ ವಿದ್ಯೆ ಸಲ್ಲುತ್ತದೆ, ಅಯೋವಾಕ್ಕಿಂತ ಚೆನ್ನಾಗಿ ಸಲ್ಲುತ್ತದೆ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿಯೇ ಇಲ್ಲ, ಬ್ಯಾಕ್ಟೀರಿಯಾಗಳು ಹನ್ನೆರಡು ತಿಂಗಳೂ ಕೆಲಸ ಮಾಡುತ್ತವೆ. ನೀರು ನಿಲ್ಲಿಸಿದ ಭತ್ತದ ಗದ್ದೆಯೇ ಅರ್ಧ ಜೌಗು. ಅದರ ಕೆಸರಿನಲ್ಲೂ ನೈಟ್ರೇಟ್ ಅನಿಲವಾಗುತ್ತದೆ. ಗದ್ದೆಯ ನೀರಿನಲ್ಲಿ ಸಾರಜನಕ ಹೆಚ್ಚಾಗಿ ಹೊರಹೋಗುವುದು ಮೇಲುಗೊಬ್ಬರ ಹಾಕಿದ ಮೊದಲ ಕೆಲವು ದಿನ ಬದುವಿನ ಕಂಡಿ ತೆರೆದಿದ್ದಾಗ. ಆ ದಿನಗಳಲ್ಲಿ ಕಂಡಿ ಮುಚ್ಚಿಡುವುದಕ್ಕೆ ಯಾವ ಯೋಜನೆಯೂ ಬೇಕಿಲ್ಲ.

ಜಾಗದ ಪ್ರಶ್ನೆಗೂ ನಮ್ಮಲ್ಲಿ ಒಂದು ಉತ್ತರವಿದೆ, ಅದು ಕೆರೆಯಂಗಳ. ಹಳ್ಳ ಮತ್ತು ಬಸಿಗಾಲುವೆಗಳು ಕೆರೆಗೆ ಇಳಿಯುವ ಮೇಲ್ತುದಿಯಲ್ಲಿ ನೀರಿನ ಆಳ ಕಡಿಮೆ, ಜೊಂಡು ಮತ್ತು ಆಪು ತಾವಾಗಿಯೇ ಬೆಳೆದಿರುತ್ತವೆ. ಅಯೋವಾದವರು ದುಡ್ಡು ಕೊಟ್ಟು ಕಟ್ಟುವುದು ಇದನ್ನೇ. ಆದರೆ ಕೆರೆ ಅಭಿವೃದ್ಧಿ ಎಂದೊಡನೆ ಜೆಸಿಬಿ ಇಳಿಸಿ ಅಂಗಳವನ್ನೆಲ್ಲ ಒಂದೇ ಆಳಕ್ಕೆ ಬಗೆದು, ಜೊಂಡನ್ನು ಬುಡದಿಂದ ಕಿತ್ತು, ಸುತ್ತ ಕಲ್ಲು ಕಟ್ಟುವುದನ್ನು ಹಲವು ಕಡೆ ಕಂಡಿದ್ದೇನೆ. ಹೂಳು ತೆಗೆಯುವುದು ಅಗತ್ಯ, ಆದರೆ ನೀರು ಒಳಬರುವ ತುದಿಯ ಮೊಣಕಾಲುದ್ದದ ಜೌಗನ್ನು ಬಿಟ್ಟು ಏರಿಯ ಕಡೆಯ ಆಳದ ಭಾಗದಲ್ಲಿ ತೆಗೆಯಬೇಕು. ಅಂಚಿನ ಜೌಗಿನಲ್ಲಿ ನೀರು ಅಲುಗದೆ ನಿಂತರೆ ಸೊಳ್ಳೆಯ ಕಾಟ ಎಂಬ ಆಕ್ಷೇಪ ಸರಿಯಾದದ್ದೇ; ಹರಿವು ನಿಲ್ಲದಂತೆ, ಮೀನು ಓಡಾಡಲು ಆಳದ ನೀರಿಗೆ ಸಂಪರ್ಕ ಇರುವಂತೆ ನೋಡಿಕೊಂಡರೆ ಅದು ಬಹಳ ಮಟ್ಟಿಗೆ ತಗ್ಗುತ್ತದೆ.

ಇನ್ನು ರಂಜಕ. ಅದು ಅನಿಲವಾಗಿ ಹೋಗುವುದಿಲ್ಲವಾದ್ದರಿಂದ ಯಾರಾದರೂ ಹೊತ್ತು ತೆಗೆಯಲೇಬೇಕು, ಮತ್ತು ನಮ್ಮ ಹಿರಿಯರು ಹೊತ್ತು ತೆಗೆಯುತ್ತಿದ್ದರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿ ಕೆರೆಗೋಡನ್ನು ಹೊಲಕ್ಕೆ ಹೊಡೆಯುವುದು ಹಳೆ ಮೈಸೂರಿನ ಊರುಗಳಲ್ಲಿ ಪ್ರತಿವರ್ಷದ ಕೆಲಸವಾಗಿತ್ತು. ಹೊಲದಿಂದ ಕೊಚ್ಚಿಹೋದ ಮಣ್ಣು ರಂಜಕದೊಡನೆ ಅದೇ ಹೊಲಕ್ಕೆ ವಾಪಸು ಬರುತ್ತಿತ್ತು. ಫ್ಲಾರಿಡಾದಲ್ಲಿ ಸಾವಿರಾರು ಎಕರೆ ಜೌಗಿನ ತಳದಲ್ಲಿ ಹೂಳಿಡುತ್ತಿರುವ ರಂಜಕಕ್ಕೆ ಅಂಥ ಮರುದಾರಿ ಇನ್ನೂ ಇಲ್ಲ. ನಗರದ ಕೊಳಚೆ ಸೇರುವ ಕೆರೆಗಳ ಗೋಡಿನಲ್ಲಿ ಭಾರಲೋಹ ಇರಬಹುದಾದ್ದರಿಂದ ಅದನ್ನು ಪರೀಕ್ಷೆಯಿಲ್ಲದೆ ಹೊಲಕ್ಕೆ ಹಾಕಬಾರದು, ಆದರೆ ಬರಿಯ ಹೊಲಗದ್ದೆಗಳ ನೀರು ಬರುವ ಹಳ್ಳಿಯ ಕೆರೆಗೆ ಆ ಭಯ ಬಹಳ ಕಡಿಮೆ. ಹೂಳೆತ್ತುವ ಯೋಜನೆಗಳಲ್ಲಿ ಆ ಮಣ್ಣು ರಸ್ತೆಬದಿಯ ಹಳ್ಳ ತುಂಬುವುದಕ್ಕೆ ಹೋಗದೆ ಅದೇ ಕೆರೆಯ ಅಚ್ಚುಕಟ್ಟಿನ ಮತ್ತು ಮೇಲ್ಭಾಗದ ಹೊಲಗಳಿಗೆ ಹೋಗಬೇಕು, ಹೋದಷ್ಟು ಗಾಡಿಗೆ ತಕ್ಕಂತೆ ರೈತರು ರಂಜಕದ ಗೊಬ್ಬರವಾದ ಡಿಎಪಿಯನ್ನು ಕಡಿಮೆ ಮಾಡುವಂತೆ ಕೃಷಿ ಇಲಾಖೆಯವರು ಮಣ್ಣು ಪರೀಕ್ಷೆ ಮಾಡಿ ತಿಳಿಸಬೇಕು.

ಚಿಕ್ಕಪ್ಪನಿಗೆ ನೈಟ್ರೇಟ್ ಪಟ್ಟಿಗಳ ಒಂದು ಡಬ್ಬಿಯನ್ನು ಊರಿಗೆ ಹೊರಟವರ ಕೈಯಲ್ಲಿ ಕಳಿಸಿದ್ದೇನೆ. ಕಬ್ಬಿಗೆ ಯೂರಿಯಾ ಹಾಕಿ ನೀರು ಬಿಟ್ಟ ಮೇಲೆ ಬಸಿಗಾಲುವೆಯಲ್ಲಿ ಒಂದು, ಅದೇ ದಿನ ಕೆರೆಯ ಜೊಂಡು ದಾಟಿದ ಮೇಲೆ ಒಂದು, ಏರಿಯ ತೂಬಿನಲ್ಲಿ ಒಂದು ಅದ್ದಿ, ಒಂದು ನಿಮಿಷ ಬಿಟ್ಟು ಡಬ್ಬಿಯ ಮೇಲಿನ ಬಣ್ಣದ ಸಾಲಿನ ಪಕ್ಕ ಇಟ್ಟು ಫೋಟೊ ತೆಗೆದು ಕಳಿಸಲು ಕೇಳಿಕೊಂಡಿದ್ದೇನೆ. ಡಬ್ಬಿ ತೆರೆದ ಮೇಲೆ ಪಟ್ಟಿಗಳಿಗೆ ಒದ್ದೆ ಕೈ ತಾಗಿಸಬಾರದು ಎಂಬುದನ್ನೂ ಬರೆದು ಕಳಿಸಿದ್ದೇನೆ.